ಟ್ಯೂಲಿಪ್: ಒಂದು ಗೆಡ್ಡೆಯ ವಂಶದ ವಿಚಿತ್ರಗಳು

ಹೂವಿನ ಅಂದವನ್ನು ಕಂಡು ಮೆಚ್ಚುವವರು ಹಲವರು. ಆ ಅಂದವು ಹೇಗೆ ಉಂಟಾಯಿತು, ಹೇಗೆ ಉಳಿದು ಬರುತ್ತದೆ ಎಂದು ವಿಚಾರಿಸುವವರು ಕೆಲವರು ಮಾತ್ರ. ಟ್ಯೂಲಿಪ್ ಹೂವಿನ ವಿಷಯದಲ್ಲಿ ಇಂಥ ವಿಚಾರಣೆಗೆ ತೊಡಗಿದರೆ ಅದು ನಮ್ಮನ್ನು ಸಸ್ಯಶಾಸ್ತ್ರದಿಂದ ಭೌತಶಾಸ್ತ್ರಕ್ಕೂ, ಅಲ್ಲಿಂದ ವ್ಯಾಪಾರದ ಚರಿತ್ರೆಗೂ, ಕೊನೆಗೆ ರೋಗವಿಜ್ಞಾನಕ್ಕೂ ಕರೆದೊಯ್ಯುತ್ತದೆ. ಚಿತ್ರಪಟಗಳಲ್ಲಿ ನಾವು ನೋಡುವ ಟ್ಯೂಲಿಪ್ ಸಾಮಾನ್ಯವಾಗಿ ಒಂದೇ ಬಗೆಯದು: ನೇರವಾದ ಕಾಂಡ, ಅದರ ತುದಿಯಲ್ಲಿ ಬಟ್ಟಲಿನಂತಹ ಒಂದು ಹೂ, ಸಾಲುಸಾಲಾಗಿ ಕೆಂಪು, ಹಳದಿ. ಆದರೆ ಈ ಜಾತಿಯಲ್ಲಿ ಬೆರಳುದ್ದದ ನಕ್ಷತ್ರಾಕಾರದ ಹೂಗಳೂ ಉಂಟು; ಸೂಜಿಯಂತೆ ಚೂಪಾದ ಎಸಳುಗಳೂ ಉಂಟು; ಜ್ವಾಲೆಯಂತೆ ಗೀರುಬಿದ್ದ ಬಣ್ಣಗಳೂ ಉಂಟು. ಅಂತಹ ಕೆಲವು ಅಪೂರ್ವ ಪ್ರಭೇದಗಳನ್ನೂ ತಳಿಗಳನ್ನೂ, ಅವುಗಳ ಹಿಂದಿರುವ ಕಾರಣಗಳನ್ನೂ ಈ ಲೇಖನದಲ್ಲಿ ಪರಿಶೀಲಿಸೋಣ.

ಲಿಮ್ಮೆನ್ ಗ್ರಾಮದ ತೋಟ

ನೆದರ್ಲೆಂಡ್ಸ್ ದೇಶದ ಉತ್ತರ ಹಾಲೆಂಡ್ ಪ್ರಾಂತದಲ್ಲಿ ಲಿಮ್ಮೆನ್ ಎಂಬ ಗ್ರಾಮವಿದೆ. ಅಲ್ಲಿಯ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಪೀಟರ್ ಬೋಸ್‌ಮನ್ ಎಂಬವರು ೧೯೨೪ರಲ್ಲಿ ಹಳೆಯ ಟ್ಯೂಲಿಪ್ ತಳಿಗಳನ್ನು ಒಂದೆಡೆ ಕೂಡಿಸಲು ತೊಡಗಿದರು. ಮಾರುಕಟ್ಟೆಗೆ ಹೊಸ ತಳಿ ಬಂದಂತೆಲ್ಲ ಬೆಳೆಗಾರರು ಹಳೆಯದನ್ನು ಬಿಟ್ಟುಬಿಡುತ್ತಿದ್ದರು. ಹೀಗೆ ಬಿಟ್ಟ ತಳಿ ಕೆಲವೇ ವರ್ಷಗಳಲ್ಲಿ ಭೂಮಿಯ ಮೇಲಿಂದಲೇ ಇಲ್ಲವಾಗುತ್ತಿತ್ತು. ಇದನ್ನು ತಡೆಯುವ ಉದ್ದೇಶದಿಂದ ಮೊದಲಾದ ಆ ಸಂಗ್ರಹವೇ ಇಂದಿನ ‘ಹಾರ್ಟಸ್ ಬಲ್ಬೋರಮ್’, ಎಂದರೆ ಗೆಡ್ಡೆಗಳ ಉದ್ಯಾನ. ಟ್ಯೂಲಿಪ್, ಹಯಸಿಂತ್, ಡ್ಯಾಫೊಡಿಲ್ ಮುಂತಾದ ಗೆಡ್ಡೆಹೂಗಳ ನಾಲ್ಕು ಸಾವಿರಕ್ಕೂ ಮಿಕ್ಕ ಬಗೆಗಳು ಅಲ್ಲಿ ಬೆಳೆಯುತ್ತಿವೆ. ಕೆಂಪು ಹಳದಿ ಮಿಶ್ರಿತ ‘ಡ್ಯುಕ್ ವಾನ್ ಟೋಲ್’ ಎಂಬ ಕುಳ್ಳು ತಳಿಯನ್ನು ಅಲ್ಲಿ ೧೫೯೫ನೆಯ ಇಸವಿಯದೆಂದು ಗುರುತಿಸಿದ್ದಾರೆ. ‘ಜೋಮರ್‌ಸ್ಕೋನ್’ ೧೬೨೦ರದು, ‘ಕೈಜರ್ಸ್‌ಕ್ರೋನ್’ ೧೭೫೦ರದು, ‘ಅಬ್ಸಲೋನ್’ ೧೭೮೦ರದು.

ಈ ಇಸವಿಗಳ ಅರ್ಥವನ್ನು ನಾವು ಸ್ವಲ್ಪ ನಿಂತು ಗ್ರಹಿಸಬೇಕು. ಟ್ಯೂಲಿಪ್ಪಿನ ತಳಿಯೊಂದನ್ನು ಬೀಜದಿಂದ ಹಾಗೆಯೇ ಪಡೆಯಲಾಗುವುದಿಲ್ಲ. ಬೀಜದಿಂದ ಹುಟ್ಟಿದ ಗಿಡ ತಾಯಿಯಂತಿರದೆ ಬೇರೆಯೇ ಆಗಿರುತ್ತದೆ. ಗೆಡ್ಡೆಯ ಪಕ್ಕದಲ್ಲಿ ಮೂಡುವ ಮರಿಗೆಡ್ಡೆಗಳನ್ನು ಬೇರ್ಪಡಿಸಿ ನೆಟ್ಟರೆ ಮಾತ್ರ ಅದೇ ತಳಿ ಮುಂದುವರಿಯುತ್ತದೆ. ನಮ್ಮಲ್ಲಿ ಬಾಳೆಯನ್ನು ಕಂದಿನಿಂದ ಮುಂದುವರಿಸುವಂತೆಯೇ ಇದು. ಆದುದರಿಂದ ೧೬೨೦ರ ‘ಜೋಮರ್‌ಸ್ಕೋನ್’ ಇಂದು ಅರಳಿದೆಯೆಂದರೆ, ನಾಲ್ಕು ಶತಮಾನಗಳ ಕಾಲ ಯಾರೋ ಒಬ್ಬರು ಪ್ರತಿವರ್ಷವೂ ತಪ್ಪದೆ ಅದನ್ನು ಕಿತ್ತು, ಒಣಗಿಸಿ, ಮತ್ತೆ ನೆಟ್ಟಿದ್ದಾರೆಂದೇ ಅರ್ಥ. ಆ ಸರಪಳಿಯಲ್ಲಿ ಎಲ್ಲಿಯಾದರೂ ಒಂದು ಕೊಂಡಿ ಕಳಚಿದ್ದರೆ ಆ ಹೂವು ಇಂದು ಇರುತ್ತಿರಲಿಲ್ಲ.

ಬೆಟ್ಟದಿಂದ ಬಂದ ಗಿಡ

ಹಾಲೆಂಡಿನ ಹೆಸರಿನೊಂದಿಗೆ ಟ್ಯೂಲಿಪ್ ಎಷ್ಟೇ ಬೆಸೆದುಕೊಂಡಿದ್ದರೂ ಅದು ಆ ದೇಶದ ಗಿಡವಲ್ಲ. ಮಧ್ಯ ಏಷ್ಯದ ತಿಯಾನ್ ಶಾನ್ ಮತ್ತು ಪಾಮಿರ್-ಅಲಾಯ್ ಪರ್ವತಗಳ ಇಳಿಜಾರುಗಳೇ ಅದರ ತವರು. ಅಲ್ಲಿಂದ ಇರಾನ್, ಕಾಕಸಸ್, ತುರ್ಕಿಗಳ ಮೂಲಕ ಅದರ ಪ್ರಭೇದಗಳು ಪಶ್ಚಿಮಕ್ಕೆ ಹಬ್ಬಿವೆ. ಭಾರತಕ್ಕೂ ಈ ವಂಶದ ನಂಟು ಉಂಟು. ‘ಟ್ಯೂಲಿಪಾ ಕ್ಲೂಸಿಯಾನಾ’ ಎಂಬ ಪ್ರಭೇದವು ಇರಾನಿನಿಂದ ಹಿಡಿದು ಪಶ್ಚಿಮ ಹಿಮಾಲಯದವರೆಗೂ ಬೆಳೆಯುತ್ತದೆ. ಕಾಶ್ಮೀರದಲ್ಲಿ ಹಿಂದೆ ಮಣ್ಣು ಹೊದಿಸಿದ ಮಾಳಿಗೆಗಳ ಮೇಲೆ ಟ್ಯೂಲಿಪ್ ಗೆಡ್ಡೆಗಳನ್ನು ನೆಡುವ ರೂಢಿಯಿತ್ತು. ಶ್ರೀನಗರದಲ್ಲಿ ಜಬರ್‌ವಾನ್ ಬೆಟ್ಟಗಳ ತಪ್ಪಲಿನಲ್ಲಿ ೨೦೦೭ರಲ್ಲಿ ತೆರೆದ ವಿಶಾಲವಾದ ಟ್ಯೂಲಿಪ್ ಉದ್ಯಾನವನ್ನು ಇಂದು ಅನೇಕರು ಕಂಡಿರುತ್ತಾರೆ.

ತುರ್ಕಿಯ ಸುಲ್ತಾನರ ತೋಟಗಳಲ್ಲಿ ಟ್ಯೂಲಿಪ್ ಬಹಳ ಹಿಂದೆಯೇ ಮನ್ನಣೆ ಪಡೆದಿತ್ತು. ಅಲ್ಲಿ ಅದರ ಹೆಸರು ‘ಲಾಲೆ’. ಯುರೋಪಿನವರು ಬಳಸುವ ಹೆಸರು ಪೇಟ ಎಂಬ ಅರ್ಥದ ಶಬ್ದದಿಂದ ಬಂದುದು. ಹೂವಿನ ಆಕಾರವೇ ಅದಕ್ಕೆ ಕಾರಣವಿರಬೇಕು. ಕಾನ್ರಾಡ್ ಗೆಸ್ನರ್ ಎಂಬ ಪ್ರಕೃತಿಶಾಸ್ತ್ರಜ್ಞನು ೧೫೫೯ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದ ತೋಟವೊಂದರಲ್ಲಿ ಈ ಹೂವನ್ನು ಕಂಡು ವರ್ಣಿಸಿದನು. ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞನು ೧೫೯೩ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾನಿಲಯಕ್ಕೆ ಬಂದು ತನ್ನ ಗೆಡ್ಡೆಗಳನ್ನು ನೆಟ್ಟನು. ಮರುವರ್ಷ ಅವು ಅರಳಿದುವು. ಹಾಲೆಂಡಿನ ಟ್ಯೂಲಿಪ್ ಚರಿತ್ರೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಎಣಿಸುತ್ತಾರೆ.

ಪರ್ವತಪ್ರದೇಶದ ಹವೆಯೇ ಈ ಗಿಡದ ಸ್ವಭಾವವನ್ನು ರೂಪಿಸಿದೆ. ಅಲ್ಲಿ ಚಳಿಗಾಲ ಕಠಿನ, ಬೇಸಗೆ ಒಣ, ಇವೆರಡರ ನಡುವೆ ಹಿಮ ಕರಗಿ ನೆಲ ತೇವವಾಗಿರುವ ಕಾಲ ಕೆಲವೇ ವಾರಗಳು. ಅಷ್ಟರಲ್ಲಿ ಎಲೆ ಬಿಟ್ಟು, ಹೂವಾಗಿ, ಬೀಜ ಕಟ್ಟಿ, ಮುಂದಿನ ವರ್ಷಕ್ಕೆ ಆಹಾರವನ್ನು ಕೂಡಿಸಿಟ್ಟುಕೊಳ್ಳಬೇಕು. ಆ ಕಣಜವೇ ಗೆಡ್ಡೆ. ಈರುಳ್ಳಿಯನ್ನು ಉದ್ದುದ್ದವಾಗಿ ಸೀಳಿ ನೋಡಿದರೆ ಪದರಪದರವಾದ ಅದರ ರಚನೆ ಕಾಣುತ್ತದಷ್ಟೆ. ಟ್ಯೂಲಿಪ್ ಗೆಡ್ಡೆಯೂ ಹಾಗೆಯೇ. ಆ ದಪ್ಪ ಪದರಗಳಲ್ಲಿ ಪಿಷ್ಟ ತುಂಬಿರುತ್ತದೆ. ಬೇಸಗೆಯಲ್ಲಿ ನೆಲದ ಮೇಲೆ ಗಿಡವೇ ಇಲ್ಲದಿರುವಾಗ, ಗೆಡ್ಡೆಯೊಳಗೆ ಮುಂದಿನ ವರ್ಷದ ಹೂವು ಸೂಕ್ಷ್ಮಗಾತ್ರದಲ್ಲಿ ಪೂರ್ಣವಾಗಿ ರೂಪುಗೊಳ್ಳುತ್ತದೆ. ಆದರೆ ಅದು ಹೊರಬರಬೇಕಾದರೆ ಸುಮಾರು ೧೨ರಿಂದ ೧೬ ವಾರಗಳ ಕಾಲ ೯ ಡಿಗ್ರಿ ಸೆಲ್ಸಿಯಸ್‌ಗಿಂತ ಕಡಮೆಯಾದ ಚಳಿ ದೊರೆಯಬೇಕು. ಈ ಅವಧಿಯಲ್ಲಿ ಪಿಷ್ಟವು ಸಕ್ಕರೆಯಾಗಿ ಮಾರ್ಪಟ್ಟು, ಕಾಂಡವು ಉದ್ದವಾಗಲು ಬೇಕಾದ ಸಿದ್ಧತೆಗಳು ನಡೆಯುತ್ತವೆ. ಚಳಿ ಸಾಲದಿದ್ದರೆ ಹೂವು ಎಲೆಗಳ ನಡುವೆಯೇ ಮುರುಟಿಹೋಗುತ್ತದೆ. ಬೆಂಗಳೂರಿನ ಚಳಿಗಾಲದ ರಾತ್ರಿಗಳು ನಮಗೆ ತಂಪೆನಿಸಿದರೂ ಈ ಗಿಡಕ್ಕೆ ಅವು ಏನೇನೂ ಸಾಲವು. ಶೀತಾಗಾರದಲ್ಲಿ ಇಟ್ಟು ಸಿದ್ಧಪಡಿಸಿದ ಗೆಡ್ಡೆಯನ್ನು ತಂದು ಕುಂಡದಲ್ಲಿ ಬೆಳೆಸಿದರೆ ಒಂದು ಸಲ ಹೂ ಬಿಟ್ಟೀತು. ಆದರೆ ಅಲ್ಲಿ ಅದು ನೆಲೆನಿಲ್ಲಲಾರದು.

ಕೆಲವು ಅಪೂರ್ವ ಪ್ರಭೇದಗಳು

ಕಾಡುಟ್ಯೂಲಿಪ್ಪುಗಳಲ್ಲಿ ಸುಮಾರು ೭೫ರಿಂದ ೧೦೦ ಪ್ರಭೇದಗಳನ್ನು ಸಸ್ಯಶಾಸ್ತ್ರಜ್ಞರು ಎಣಿಸುತ್ತಾರೆ. ಅವುಗಳಲ್ಲಿ ಅನೇಕವು ತೋಟದ ತಳಿಗಳಿಗಿಂತ ಬಹಳ ಚಿಕ್ಕವು. ‘ಟ್ಯೂಲಿಪಾ ಟಾರ್ಡಾ’ ನೆಲಕ್ಕೆ ಅಂಟಿದಂತೆ ಬೆಳೆದು, ಬಿಳಿಯ ತುದಿಯ ಹಳದಿ ನಕ್ಷತ್ರಗಳನ್ನು ಬಿಡುತ್ತದೆ. ‘ಟ್ಯೂಲಿಪಾ ಟರ್ಕೆಸ್ಟಾನಿಕಾ’ ಒಂದೇ ಕಾಂಡದಲ್ಲಿ ಹಲವು ಬಿಳಿಯ ಹೂಗಳನ್ನು ಹೊರುತ್ತದೆ. ‘ಗ್ರೈಗಿಯೈ’ ಎಂಬುದರಲ್ಲಿ ಹೂವಿನಷ್ಟೇ ಎಲೆಯೂ ನೋಡತಕ್ಕದ್ದು. ಅದರ ಮೇಲೆ ಊದಾಬಣ್ಣದ ಗೀರುಗಳು ಎಳೆಎಳೆಯಾಗಿರುತ್ತವೆ. ಕಜಕ್‌ಸ್ತಾನದ ‘ರೆಗೇಲಿಯೈ’ ಇನ್ನೂ ವಿಚಿತ್ರ. ಸಾಮಾನ್ಯವಾಗಿ ಅದಕ್ಕೆ ಒಂದೇ ಎಲೆ. ಆ ಎಲೆಯ ಮೇಲ್ಮೈಯಲ್ಲಿ ಉದ್ದಕ್ಕೂ ಏರಿಗಳಂತೆ ಎದ್ದುನಿಂತ ಮಡಿಕೆಗಳು. ಬೇರಾವ ಟ್ಯೂಲಿಪ್ಪಿನಲ್ಲಿಯೂ ಈ ರಚನೆ ಎದ್ದುಕಾಣುವುದಿಲ್ಲ.

ಮೇಲೆ ಹೇಳಿದ ‘ಕ್ಲೂಸಿಯಾನಾ’ದ ಹೊರ ಎಸಳುಗಳ ಬೆನ್ನು ಕೆಂಪು, ಅಂಚು ಮತ್ತು ಒಳಭಾಗ ಬಿಳಿ. ಮುಚ್ಚಿದಾಗ ಅದು ಕೆಂಪು ಮೊಗ್ಗಿನಂತೆಯೂ ಬಿಚ್ಚಿದಾಗ ಬಿಳಿಯ ತಾರೆಯಂತೆಯೂ ಕಾಣುತ್ತದೆ. ಯುರೋಪಿನ ತೋಟಗಳಲ್ಲಿರುವ ಅದರ ಹಳೆಯ ಬಗೆಯ ಕೋಶಗಳಲ್ಲಿ ಕ್ರೋಮೋಸೋಮುಗಳ ಐದು ಜೊತೆಗಟ್ಟುಗಳಿವೆ. ಎಂದರೆ ಸಾಮಾನ್ಯ ಟ್ಯೂಲಿಪ್ಪಿನಲ್ಲಿ ೨೪ ಇರುವ ಕಡೆ ಇದರಲ್ಲಿ ೬೦. ಐದು ಎಂಬ ಬೆಸಸಂಖ್ಯೆಯನ್ನು ಸಮನಾಗಿ ಎರಡು ಪಾಲು ಮಾಡಲಾಗದು. ಆದುದರಿಂದ ಇದು ಬೀಜ ಕಟ್ಟುವುದು ಕಷ್ಟ. ಆದರೂ ಅದು ಸೋಲುವುದಿಲ್ಲ. ನೆಲದೊಳಗೆ ಬಳ್ಳಿಯಂತಹ ಕುಡಿಗಳನ್ನು ಚಾಚಿ, ಅವುಗಳ ತುದಿಯಲ್ಲಿ ಹೊಸ ಗೆಡ್ಡೆಗಳನ್ನು ಕಟ್ಟುತ್ತ ಹಬ್ಬುತ್ತದೆ.

‘ಟ್ಯೂಲಿಪಾ ಅಕ್ಯುಮಿನೇಟಾ’ ಒಂದು ಒಗಟು. ಇದರ ಎಸಳುಗಳು ದಾರದಂತೆ ಸಣ್ಣಗೆ, ನೀಳವಾಗಿ, ತಿರುಚಿಕೊಂಡಿರುತ್ತವೆ. ೧೮೧೩ರಲ್ಲಿ ಇದಕ್ಕೆ ಪ್ರಭೇದದ ಹೆಸರನ್ನು ಕೊಟ್ಟರಾದರೂ ಯಾವ ಕಾಡಿನಲ್ಲಿಯೂ ಇದನ್ನು ಯಾರೂ ಕಂಡಿಲ್ಲ. ೧೭೧೮ರಿಂದ ೧೭೩೦ರವರೆಗಿನ ಅವಧಿಯನ್ನು ತುರ್ಕಿಯ ಚರಿತ್ರೆಯಲ್ಲಿ ‘ಟ್ಯೂಲಿಪ್ ಯುಗ’ವೆಂದು ಕರೆಯುತ್ತಾರೆ. ಆಗ ಇಸ್ತಾನ್‌ಬುಲ್ಲಿನಲ್ಲಿ ಕಠಾರಿಯಂತೆ ಚೂಪಾದ ಎಸಳುಗಳುಳ್ಳ ಹೂಗಳಿಗೇ ಬೆಲೆಯಿತ್ತು. ಆ ತಳಿಗಳು ಈಗ ಉಳಿದಿಲ್ಲ. ಅವುಗಳ ರೂಪವನ್ನು ನೆನಪಿಗೆ ತರುವ ಜೀವಂತ ಗಿಡವೆಂದರೆ ಈ ಅಕ್ಯುಮಿನೇಟಾ.

ಶಾಖಕ್ಕೆ ಬಿಚ್ಚುವ ಎಸಳು

ಟ್ಯೂಲಿಪ್ ಹೂವು ಬಿಸಿಲೇರಿದಾಗ ಬಿಚ್ಚಿಕೊಂಡು ಸಂಜೆಯ ತಂಪಿಗೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಮುಖ್ಯ ಕಾರಣ ಬೆಳಕಲ್ಲ, ಉಷ್ಣತೆ. ಭೌತಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಒಡನೆಯೇ ದ್ವಿಲೋಹದ ಪಟ್ಟಿ ನೆನಪಿಗೆ ಬರುತ್ತದೆ. ಹಿತ್ತಾಳೆ ಮತ್ತು ಕಬ್ಬಿಣದ ಎರಡು ಪಟ್ಟಿಗಳನ್ನು ಬೆಸೆದು ಕಾಯಿಸಿದರೆ, ಹೆಚ್ಚು ಹಿಗ್ಗುವ ಹಿತ್ತಾಳೆಯು ಹೊರಬದಿಗೆ ಬರುವಂತೆ ಪಟ್ಟಿ ಬಾಗುತ್ತದೆ. ಎಸಳಿನಲ್ಲಿಯೂ ಒಳಪದರ, ಹೊರಪದರಗಳ ನಡುವೆ ಇಂಥ ಭೇದವಿದೆ. ಆದರೆ ಇಲ್ಲಿ ನಡೆಯುವುದು ಲೋಹದ ಹಿಗ್ಗುವಿಕೆಯಲ್ಲ, ಜೀವಕೋಶಗಳ ಬೆಳವಣಿಗೆ. ಒಳಪದರದ ಕೋಶಗಳು ಅತ್ಯಂತ ವೇಗವಾಗಿ ಬೆಳೆಯುವ ಉಷ್ಣತೆಯು ಹೊರಪದರದ್ದಕ್ಕಿಂತ ಸುಮಾರು ೧೦ ಡಿಗ್ರಿ ಹೆಚ್ಚು. ಹವೆ ಬೆಚ್ಚಗಾದಾಗ ಒಳಪದರ ಮುಂದಾಗಿ ಎಸಳು ಹೊರಕ್ಕೆ ಬಾಗುತ್ತದೆ. ತಂಪಾದಾಗ ಹೊರಪದರ ಮುಂದಾಗಿ ಎಸಳು ಒಳಕ್ಕೆ ಬಾಗುತ್ತದೆ.

ಈ ಭೇದದಿಂದ ಒಂದು ಫಲಿತಾಂಶ ಒದಗುತ್ತದೆ. ದ್ವಿಲೋಹದ ಪಟ್ಟಿ ತಣ್ಣಗಾದಾಗ ಮೊದಲಿನ ಉದ್ದಕ್ಕೇ ಮರಳುತ್ತದೆ. ಬೆಳವಣಿಗೆಯಾದರೋ ಹಿಂದಿರುಗುವುದಿಲ್ಲ. ಆದುದರಿಂದ ಬಿಚ್ಚಿ ಮುಚ್ಚಿದ ಪ್ರತಿಯೊಂದು ಸಲವೂ ಎಸಳು ಸ್ವಲ್ಪ ಉದ್ದವಾಗಿಯೇ ಉಳಿಯುತ್ತದೆ. ಕೊನೆಯ ದಿನದ ಹೂವು ಮೊದಲ ದಿನದ ಹೂವಿಗಿಂತ ದೊಡ್ಡದಾಗಿರುತ್ತದೆ. ಹೂವಿನಂಗಡಿಯಿಂದ ಒಂದು ಟ್ಯೂಲಿಪ್ ದೊರೆತರೆ ಓದುಗರು ಇದನ್ನು ತಾವೇ ಪರೀಕ್ಷಿಸಬಹುದು. ಹೂವನ್ನು ನೀರಿನ ಪಾತ್ರೆಯಲ್ಲಿಟ್ಟು ಕೆಲವು ಗಂಟೆ ರೆಫ್ರಿಜಿರೇಟರಿನಲ್ಲಿಡಿ. ಎಸಳಿನ ಉದ್ದವನ್ನು ಅಳೆದು ಬರೆದುಕೊಳ್ಳಿ. ಹೊರಗೆ ತಂದು ಅದು ಬಿಚ್ಚುವುದನ್ನು ನೋಡಿ. ಹೀಗೆ ಮೂರು ನಾಲ್ಕು ದಿನ ಮಾಡಿ ಮತ್ತೆ ಅಳೆಯಿರಿ.

ಕಪ್ಪು, ನೀಲಿ ಮತ್ತು ಹೊಳಪು

‘ಕ್ವೀನ್ ಆಫ್ ನೈಟ್’ ಎಂಬ ತಳಿ ಕಪ್ಪು ಟ್ಯೂಲಿಪ್ಪೆಂದು ಪ್ರಸಿದ್ಧವಾಗಿದೆ. ಅದರ ಒಂದು ಎಸಳನ್ನು ಸೂರ್ಯನಿಗೆ ಎದುರಾಗಿ ಹಿಡಿದರೆ ಅದು ಕಪ್ಪಲ್ಲ, ಗಾಢವಾದ ಕೆನ್ನೀಲಿ ಎಂದು ತಿಳಿಯುತ್ತದೆ. ಆಂಥೋಸಯನಿನ್ ಎಂಬ ವರ್ಣದ್ರವ್ಯವು ಅಲ್ಲಿ ದಟ್ಟವಾಗಿ ತುಂಬಿಕೊಂಡು ಬೆಳಕಿನ ಬಹುಭಾಗವನ್ನು ಹೀರುತ್ತದೆ, ಅಷ್ಟೆ. ನಿಜವಾದ ನೀಲಿಯ ಟ್ಯೂಲಿಪ್ಪೂ ಇದುವರೆಗೆ ದೊರೆತಿಲ್ಲ. ಆದರೆ ಕೆಲವು ಹೂಗಳ ತಳದಲ್ಲಿ ನೀಲಿಯ ಮಚ್ಚೆಯುಂಟು. ಜಪಾನಿನ ವಿಜ್ಞಾನಿಗಳು ೨೦೦೭ರಲ್ಲಿ ಇದರ ಕಾರಣವನ್ನು ತೋರಿಸಿಕೊಟ್ಟರು. ನೇರಿಳೆ ಬಣ್ಣದ ಒಂದು ತಳಿಯಲ್ಲಿ ಎಸಳಿನ ಮೇಲುಭಾಗಕ್ಕೂ ತಳಭಾಗಕ್ಕೂ ವರ್ಣದ್ರವ್ಯ ಒಂದೇ. ತಳಭಾಗದ ಕೋಶಗಳಲ್ಲಿ ಮಾತ್ರ ಕಬ್ಬಿಣದ ಅಂಶ ಬಹಳ ಹೆಚ್ಚು. ಕಬ್ಬಿಣದೊಡನೆ ಕೂಡಿದ ವರ್ಣದ್ರವ್ಯವೇ ನೀಲಿಯಾಗಿ ಕಾಣುತ್ತದೆ.

ಬಣ್ಣವೆಲ್ಲವೂ ವರ್ಣದ್ರವ್ಯದಿಂದಲೇ ಬರುವುದಿಲ್ಲ. ಕೆಲವು ಟ್ಯೂಲಿಪ್ಪುಗಳ ಎಸಳನ್ನು ಓರೆಯಾಗಿ ತಿರುಗಿಸಿದಾಗ ಎಣ್ಣೆಯ ಹನಿ ಬಿದ್ದ ನೀರಿನಂತೆ ಬಣ್ಣಗಳು ಜಾರುತ್ತವೆ. ೨೦೦೯ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಸಂಶೋಧಕರು ಇದನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದರು. ‘ಟ್ಯೂಲಿಪಾ ಕೋಲ್ಪಕೌಸ್ಕಿಯಾನಾ’ ಎಂಬ ಪ್ರಭೇದದ ಎಸಳಿನ ಹೊರಪೊರೆಯ ಮೇಲೆ ಸಮಾನಾಂತರವಾದ ಸೂಕ್ಷ್ಮ ಏಣುಗಳಿವೆ. ಒಂದಕ್ಕೊಂದಕ್ಕೆ ಇರುವ ಅಂತರ ಸುಮಾರು ೧.೨ ಮೈಕ್ರಾನ್. ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಬಳಸುವ ವಿವರ್ತನ ಗ್ರೇಟಿಂಗಿನಲ್ಲಿ ಅಂಗುಲಕ್ಕೆ ೧೫,೦೦೦ ಗೆರೆಗಳಿರುತ್ತವೆ. ಅಂದರೆ ಗೆರೆಗಳ ಅಂತರ ಸುಮಾರು ೧.೭ ಮೈಕ್ರಾನ್. ಹೂವು ನಮ್ಮ ಉಪಕರಣಕ್ಕಿಂತಲೂ ನಯವಾದ ಗ್ರೇಟಿಂಗನ್ನು ತನ್ನ ಮೈಮೇಲೆ ಕೊರೆದುಕೊಂಡಿದೆ! ಅಂತರವನ್ನು ಕೋನದ ಸೈನ್‌ನಿಂದ ಗುಣಿಸಿದರೆ ತರಂಗದೂರ ಬರುತ್ತದೆಂಬ ಪರಿಚಿತ ಸೂತ್ರವನ್ನು ಇಲ್ಲಿಯೂ ಅನ್ವಯಿಸಬಹುದು. ಬೆಳಕು ನೇರವಾಗಿ ಬಿದ್ದಾಗ ೦.೬ ಮೈಕ್ರಾನಿನ ಕಿತ್ತಳೆ ಬೆಳಕು ಮೊದಲನೆಯ ವರ್ಗದಲ್ಲಿ ೩೦ ಡಿಗ್ರಿಯಲ್ಲಿಯೂ, ೦.೪ ಮೈಕ್ರಾನಿನ ನೇರಿಳೆ ಬೆಳಕು ಸುಮಾರು ೧೯.೫ ಡಿಗ್ರಿಯಲ್ಲಿಯೂ ಹೊರಡುತ್ತವೆ. ಇದು ಬರಿಯ ಅಲಂಕಾರವಲ್ಲ. ಇಂತಹ ಏಣುಗಳಿರುವ ಮೇಲ್ಮೈಯನ್ನು ಇಲ್ಲದ ಮೇಲ್ಮೈಯಿಂದ ಬೇರ್ಪಡಿಸಿ ಗುರುತಿಸಲು ದುಂಬಿಜೇನುಗಳು ಕಲಿಯಬಲ್ಲವೆಂದು ಅದೇ ಸಂಶೋಧನೆಯಿಂದ ತಿಳಿದುಬಂತು.

ಒಡೆದ ಬಣ್ಣದ ರಹಸ್ಯ

ಈಗ ಟ್ಯೂಲಿಪ್ಪಿನ ಚರಿತ್ರೆಯಲ್ಲಿ ಅತ್ಯಂತ ವಿಲಕ್ಷಣವಾದ ಭಾಗಕ್ಕೆ ಬರೋಣ. ಒಂದೇ ಬಣ್ಣದ ಹೂ ಬಿಡುತ್ತಿದ್ದ ಗೆಡ್ಡೆಯು ಯಾವುದೋ ಒಂದು ವರ್ಷ ಇದ್ದಕ್ಕಿದ್ದಂತೆ ಬಿಳಿಯ ಅಥವಾ ಹಳದಿಯ ನೆಲದ ಮೇಲೆ ಜ್ವಾಲೆಯಂತೆ, ಗರಿಯಂತೆ ಗೀರುಬಿದ್ದ ಹೂವನ್ನು ಬಿಡುವುದುಂಟು. ಇದನ್ನು ಬೆಳೆಗಾರರು ‘ಬಣ್ಣ ಒಡೆಯುವುದು’ ಎನ್ನುತ್ತಿದ್ದರು. ಹದಿನೇಳನೆಯ ಶತಮಾನದ ಹಾಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚಿನ ಬೆಲೆ ಬಂದುದು ಇಂತಹ ಹೂಗಳಿಗೇ. ಬಿಳಿಯ ಮೇಲೆ ಕೆಂಪು ಗೀರುಗಳುಳ್ಳ ‘ಸೆಂಪರ್ ಆಗಸ್ಟಸ್’ ಎಂಬುದರ ಒಂದು ಗೆಡ್ಡೆಗೆ ಸಾವಿರಾರು ಗಿಲ್ಡರುಗಳ ಬೆಲೆ ಕಟ್ಟಿದ್ದರು. ಆ ಹಣದಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಒಳ್ಳೆಯ ಮನೆಯನ್ನು ಕೊಳ್ಳಬಹುದಾಗಿತ್ತು. ೧೬೩೭ರ ಫೆಬ್ರವರಿಯಲ್ಲಿ ಈ ವ್ಯಾಪಾರ ಕುಸಿಯಿತು. ದೇಶವೇ ದಿವಾಳಿಯಾಯಿತೆಂಬ ಕಥೆ ಮಾತ್ರ ಉತ್ಪ್ರೇಕ್ಷೆಯೆಂದು ಆ ಕಾಲದ ದಾಖಲೆಗಳನ್ನು ಶೋಧಿಸಿದ ಚರಿತ್ರಕಾರರು ಹೇಳುತ್ತಾರೆ.

ಬಣ್ಣ ಒಡೆಯಲು ಕಾರಣವೇನೆಂಬುದು ಮೂರು ಶತಮಾನ ಯಾರಿಗೂ ತಿಳಿಯಲಿಲ್ಲ. ಒಡೆದ ಗಿಡ ಬರಬರುತ್ತ ಸೊರಗುವುದನ್ನು ಕ್ಲೂಸಿಯಸ್‌ನೇ ಗಮನಿಸಿದ್ದನು. ಬೆಳೆಗಾರರು ಮಣ್ಣು ಬದಲಾಯಿಸಿದರು, ಎರಡು ಬಣ್ಣದ ಗೆಡ್ಡೆಗಳ ಅರ್ಧಗಳನ್ನು ಕೂಡಿಸಿ ಕಟ್ಟಿದರು. ಕೊನೆಗೆ ಇಂಗ್ಲೆಂಡಿನ ಜಾನ್ ಇನ್ನೆಸ್ ತೋಟಗಾರಿಕಾ ಸಂಸ್ಥೆಯಲ್ಲಿದ್ದ ಡೊರೊಥಿ ಕೇಲಿ ಎಂಬವರು ಒಡೆದ ಬಣ್ಣದ ಗೆಡ್ಡೆಯ ಅಂಗಾಂಶವನ್ನು ಆರೋಗ್ಯವಾದ ಗೆಡ್ಡೆಗೆ ಕಸಿಮಾಡಿ, ಈ ಸ್ಥಿತಿಯು ಒಂದರಿಂದ ಮತ್ತೊಂದಕ್ಕೆ ಅಂಟುತ್ತದೆಂದು ೧೯೨೮ರಲ್ಲಿ ಪ್ರಕಟಿಸಿದರು. ಇದು ಒಂದು ವೈರಸ್ ರೋಗ. ಗಿಡದಿಂದ ಗಿಡಕ್ಕೆ ಇದನ್ನು ಒಯ್ಯುವುದು ರಸ ಹೀರುವ ಸಸ್ಯಹೇನು.

ಎಸಳಿನ ಒಳಭಾಗದ ಅಂಗಾಂಶವು ಸ್ವಭಾವತಃ ಬಿಳಿ ಅಥವಾ ಹಳದಿ. ಅದರ ಮೇಲಿನ ತೆಳುಪೊರೆಯ ಕೋಶಗಳಲ್ಲಿ ಆಂಥೋಸಯನಿನ್ ಇರುತ್ತದೆ. ವೈರಸ್ಸು ತಗುಲಿದ ಕೋಶಗಳಲ್ಲಿ ಈ ವರ್ಣದ್ರವ್ಯ ಸರಿಯಾಗಿ ಉತ್ಪನ್ನವಾಗುವುದಿಲ್ಲ; ಅಲ್ಲಿ ಕೆಳಗಿನ ನೆಲದ ಬಣ್ಣ ಹೊರಗೆ ಕಾಣುತ್ತದೆ. ಹೀಗಾಗಿಯೇ ಶುದ್ಧ ಬಿಳಿಯ ಹಾಗೂ ಶುದ್ಧ ಹಳದಿಯ ಹೂಗಳು ಒಡೆದಂತೆ ಕಾಣುವುದೇ ಇಲ್ಲ. ಅವುಗಳಲ್ಲಿ ಕಳೆದುಕೊಳ್ಳಲು ಮೇಲುಬಣ್ಣವಿಲ್ಲ. ವೈರಸ್ಸಿನಿಂದ ಗೆಡ್ಡೆ ಬಲಗುಂದಿ ಮರಿಗೆಡ್ಡೆಗಳು ಕಡಮೆಯಾಗುತ್ತವೆ. ಆದುದರಿಂದ ಹೆಚ್ಚು ಸುಂದರವಾದುದು ಹೆಚ್ಚು ವಿರಳವೂ ಆಯಿತು. ವಿರಳವಾದುದಕ್ಕೆ ಬೆಲೆ ಏರಿತು. ಹಾಲೆಂಡಿನ ಧನಿಕರು ಚಿನ್ನ ಸುರಿದು ಕೊಂಡುದು, ತಿಳಿಯದೆಯೇ, ಒಂದು ರೋಗದ ಲಕ್ಷಣವನ್ನು. ‘ಸೆಂಪರ್ ಆಗಸ್ಟಸ್’ ಇಂದು ಚಿತ್ರಗಳಲ್ಲಿ ಮಾತ್ರ ಇದೆ.

ಆದರೂ ಒಡೆದ ಬಣ್ಣದ ಹೂಗಳು ಪೂರ್ತಿಯಾಗಿ ಅಳಿದಿಲ್ಲ. ಮೇಲೆ ಹೇಳಿದ ‘ಜೋಮರ್‌ಸ್ಕೋನ್’, ‘ಅಬ್ಸಲೋನ್’ಗಳು ಅಂಥವೇ. ೧೮೩೬ರಲ್ಲಿ ಸ್ಥಾಪಿತವಾದ ಇಂಗ್ಲೆಂಡಿನ ವೇಕ್‌ಫೀಲ್ಡ್ ಟ್ಯೂಲಿಪ್ ಸಂಘದವರು ಇಂತಹ ಹೂಗಳನ್ನು ಬೆಳೆಸಿ, ಬಿಯರಿನ ಖಾಲಿ ಸೀಸೆಗಳಲ್ಲಿ ಒಂದೊಂದಾಗಿ ಇಟ್ಟು ಸ್ಪರ್ಧೆ ನಡೆಸುತ್ತಾರೆ. ಇವನ್ನು ಬೆಳೆಸುವವರು ಸಸ್ಯಹೇನಿನ ಭಯದಿಂದ ಉಳಿದ ಗೆಡ್ಡೆಗಳಿಂದ ದೂರದಲ್ಲಿಯೇ ಇಡಬೇಕಾಗುತ್ತದೆ. ಅಂಗಡಿಗಳಲ್ಲಿ ಈಗ ‘ರೆಂಬ್ರಾಂಟ್’ ಎಂಬ ಹೆಸರಿನಲ್ಲಿ ದೊರೆಯುವ ಗೀರುಬಣ್ಣದ ಹೂಗಳಲ್ಲಿ ವೈರಸ್ಸಿಲ್ಲ. ಅವುಗಳ ಗೀರು ಅನುವಂಶೀಯವಾದುದು.

ಇಂತಹ ಅನುವಂಶೀಯ ಮಾರ್ಪಾಟುಗಳೂ ಹಲವು ವಿಚಿತ್ರಗಳನ್ನು ಕೊಟ್ಟಿವೆ. ಅಂಚು ಹರಿದು ಸುಕ್ಕುಗಟ್ಟಿದ ಗಿಳಿ ಟ್ಯೂಲಿಪ್ಪುಗಳು ಹೀಗೆ ಹುಟ್ಟಿದುವು. ‘ಕ್ಲಾರಾ ಬಟ್’ ಎಂಬ ಸಾದಾ ತಳಿಯಲ್ಲಿ ತಾನಾಗಿ ತೋರಿಬಂದ ‘ಫ್ಯಾಂಟಸಿ’ ಇದಕ್ಕೆ ಉದಾಹರಣೆ. ‘ವಿರಿಡಿಫ್ಲೋರಾ’ ವರ್ಗದ ಹೂಗಳಲ್ಲಿ ಎಸಳಿನ ನಡುವೆ ಹಸಿರು ಪಟ್ಟೆ ಉಳಿದಿರುತ್ತದೆ. ಲೆಫೆಬರ್ ಎಂಬ ಬೆಳೆಗಾರನು ತೋಟದ ತಳಿಯನ್ನು ಕಾಡಿನ ‘ಫೋಸ್ಟೆರಿಯಾನಾ’ ಪ್ರಭೇದದೊಡನೆ ಕೂಡಿಸಿ ಪಡೆದ ಮಿಶ್ರತಳಿಗಳು ೧೯೪೩ರಲ್ಲಿ ಬೆಳಕಿಗೆ ಬಂದುವು. ಇಂದಿನ ತೋಟಗಳ ಎತ್ತರವಾದ ದೊಡ್ಡ ಹೂಗಳಲ್ಲಿ ಅನೇಕವು ಆ ಗುಂಪಿನವು.

ಉಳಿಸುವುದು ಹೇಗೆ?

ಕಾಡಿನ ಪ್ರಭೇದಗಳಿಲ್ಲದಿದ್ದರೆ ಈ ಹೊಸ ತಳಿಗಳೂ ಇರುತ್ತಿರಲಿಲ್ಲ. ಆದರೆ ತವರಿನಲ್ಲಿಯೇ ಆ ಪ್ರಭೇದಗಳು ಸಂಕಟದಲ್ಲಿವೆ. ಟ್ಯೂಲಿಪ್ಪಿನ ಬೀಜ ಮೊಳೆತು ಮೊದಲ ಹೂ ಬಿಡಲು ಐದರಿಂದ ಏಳು ವರ್ಷ ಬೇಕು. ಆ ಅವಧಿಯಲ್ಲಿ ಅದಕ್ಕೆ ವರ್ಷಕ್ಕೆ ಒಂದೇ ಎಲೆ. ಕುರಿಮಂದೆಗಳು ಆ ಎಲೆಯನ್ನು ಮೇಲಿಂದ ಮೇಲೆ ಮೇಯ್ದರೆ ಗೆಡ್ಡೆಗೆ ಆಹಾರವಿಲ್ಲ. ಹೂವನ್ನು ಮೇಯ್ದರೆ ಬೀಜವಿಲ್ಲ. ಹಳೆಯ ಗೆಡ್ಡೆಗಳಿಂದ ಬೆಟ್ಟವು ಕೆಲವು ಕಾಲ ಹೂವಿನಿಂದ ತುಂಬಿದಂತೆಯೇ ಕಾಣುತ್ತದೆ. ಎಳೆಯ ಗಿಡಗಳು ಇಲ್ಲವೆಂಬುದು ಮಾತ್ರ ನೋಡುವವರಿಗೆ ತಿಳಿಯುವುದಿಲ್ಲ. ಚಳಿಗಾಲವು ಬೆಚ್ಚಗಾಗುತ್ತ ಬಂದಂತೆ ಈ ಗಿಡಗಳು ಮತ್ತಷ್ಟು ಎತ್ತರಕ್ಕೆ ಸರಿಯಬೇಕಾಗುತ್ತದೆ. ಶಿಖರದಿಂದಾಚೆಗೆ ಸರಿಯಲು ಸ್ಥಳವಿಲ್ಲ.

ತುರ್ಕಿಯ ಅಮಾಸ್ಯಾ ಪ್ರಾಂತದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿಗೆ ಬಂದ ‘ಟ್ಯೂಲಿಪಾ ಸ್ಪ್ರೆಂಗೇರಿ’ ಇದಕ್ಕೆ ನಿದರ್ಶನ. ಎಲ್ಲ ಟ್ಯೂಲಿಪ್ಪುಗಳೂ ಮುಗಿದ ಮೇಲೆ, ಜೂನ್ ತಿಂಗಳ ಹೊತ್ತಿಗೆ, ಇದು ಕೆಂಪಾಗಿ ಅರಳುತ್ತದೆ. ತವರಿನ ಕಾಡಿನಲ್ಲಿ ಇದು ನಾಶವಾಗಿದೆಯೆಂದೇ ಸಸ್ಯಶಾಸ್ತ್ರಜ್ಞರು ಬಹುಕಾಲದಿಂದ ಎಣಿಸಿದ್ದಾರೆ. ಆದರೆ ಇಂಗ್ಲೆಂಡಿನ ತೋಟಗಳಲ್ಲಿ ಅದು ತಾನೇ ಬೀಜ ಉದುರಿಸಿ, ತಾನೇ ಮೊಳೆತು, ಮರಗಳ ನೆರಳಿನಲ್ಲಿ ಧಾರಾಳವಾಗಿ ಬೆಳೆಯುತ್ತಿದೆ. ಕಾಡಿನ ಪ್ರಭೇದಕ್ಕೆ ಬೀಜವೆಂಬ ಒಂದು ಆಸರೆಯಾದರೂ ಇದೆ. ಲಿಮ್ಮೆನ್ನಿನ ತಳಿಗಳಿಗೆ ಅದೂ ಇಲ್ಲ. ಪ್ರತಿವರ್ಷವೂ ಬೇಸಗೆಯಲ್ಲಿ ಅಲ್ಲಿಯ ಸಾವಿರಾರು ಬಗೆಯ ಗೆಡ್ಡೆಗಳನ್ನು ಕಿತ್ತು, ಹೆಸರು ತಪ್ಪದಂತೆ ಬೇರೆಬೇರೆಯಾಗಿ ಒಣಗಿಸಿ, ಶರತ್ಕಾಲದಲ್ಲಿ ಮತ್ತೆ ನೆಡುತ್ತಾರೆ. ಪುಸ್ತಕಭಂಡಾರದ ಗ್ರಂಥವು ಯಾರೂ ಓದದೆ ನೂರು ವರ್ಷ ಕಪಾಟಿನಲ್ಲಿದ್ದರೂ ಗ್ರಂಥವಾಗಿಯೇ ಉಳಿದೀತು. ಈ ಗೆಡ್ಡೆಯನ್ನು ಎರಡು ವರ್ಷ ನೆಡದೆ ಇಟ್ಟರೆ ಉಳಿಯುವುದು ಒಣಗಿದ ಸಿಪ್ಪೆ ಮಾತ್ರ.